ಮೋನಾಕನ ಬೋಟಿಗೆ ಹಲ್ಲಿನ ಡಾಕ್ಟ್ರು

ಐವತ್ತು ದಾಟಿದ ಮೇಲೆ ಮನುಷ್ಯರಿಗೆ ಒಂದು ಹವ್ಯಾಸ ಬೇಕು ಎಂದು ಎಲ್ಲರೂ ಹೇಳುತ್ತಾರೆ. ಆದರೆ ಅದು ಎಂಥ ಹವ್ಯಾಸ ಆಗಿರಬೇಕು ಎಂಬುದನ್ನೂ ಅವರೇ ಮನಸ್ಸಿನಲ್ಲಿ ನಿಶ್ಚಯ ಮಾಡಿಕೊಂಡಿರುತ್ತಾರೆ. ತಾರಸಿಯಲ್ಲಿ ಬೆಂಡೆಕಾಯಿ ಬೆಳೆಸಿದರೆ ಅವರಿಗೆ ಸಂತೋಷ. ಬೆಳಿಗ್ಗೆ ಎದ್ದು ಕಾವೂರು ಕೆರೆಗೆ ಎರಡು ಸುತ್ತು ಹಾಕಿದರೆ ಇನ್ನೂ ಸಂತೋಷ. ನನ್ನ ನಾದಿನಿ ಈ ವಯಸ್ಸಿನಲ್ಲಿ ಯಕ್ಷಗಾನದ ಹೆಜ್ಜೆ ಕಲಿಯಲು ಹೊರಟು, ಕೆಳಗಿನ ಫ್ಲ್ಯಾಟಿನವರ ಫ್ಯಾನು ಅಲುಗಾಡಿಸಿದಾಗಲೂ ಮನೆಮಂದಿ ಚಪ್ಪಾಳೆ ತಟ್ಟಿದ್ದರು. ಆದರೆ ಉಳ್ಳಾಲದಲ್ಲಿರುವ ಒಂದು ಹಳೆಯ ಮರದ ಮೋಟಾರು ಬೋಟನ್ನು ನಾನು ಸರಿ ಮಾಡುತ್ತೇನೆ ಎಂದ ದಿನ ಊಟಕ್ಕೆ ಕೂತವರೆಲ್ಲ ಅನ್ನ ಕಲಸುವುದನ್ನೇ ನಿಲ್ಲಿಸಿದರು. "ಅವಳಿಗೆ ಜ್ವರ ಉಂಟಾ ಅಂತ ಒಮ್ಮೆ ಮುಟ್ಟಿ ನೋಡು ಮಗ" ಎಂದು ಅತ್ತೆ ನನ್ನ ಗಂಡನಿಗೆ ಹೇಳಿದರು.

ನಾನು ಹಲ್ಲಿನ ಡಾಕ್ಟರು. ಕಂಕನಾಡಿ ಮಾರ್ಕೆಟ್ಟಿನ ಹತ್ತಿರ ನನ್ನ ಕ್ಲಿನಿಕ್ಕು. ಮೂವತ್ತು ವರ್ಷಗಳಿಂದ ಬಾಯಿ ತೆರೆದು ಕೂತವರೊಡನೆ ಮಾತಾಡುತ್ತ ಬಂದಿದ್ದೇನೆ. ಒಬ್ಬರೂ ಎದುರು ಮಾತಾಡಿದ್ದಿಲ್ಲ. ಇದರಿಂದಾಗಿ ನಾನು ಹೇಳುವುದೆಲ್ಲ ಸರಿ ಎಂಬ ಅಭಿಪ್ರಾಯ ನನ್ನೊಳಗೆ ಗಟ್ಟಿಯಾಗಿ ಕೂತುಬಿಟ್ಟಿದೆ. ಬಾಯಿಯೊಳಗೆ ನನ್ನ ಎರಡು ಬೆರಳಿದ್ದರೂ ಲೆಕ್ಕಿಸದೆ ಮಾತಾಡಿದ ಮೊದಲ ಮನುಷ್ಯ ಮೋನಾಕ. ಉಳ್ಳಾಲದ ಎಪ್ಪತ್ತಾರು ವರ್ಷದ ಬ್ಯಾರಿ, ಜೀವಮಾನವಿಡೀ ಬೋಟು ಕಟ್ಟಿದ ಆಚಾರಿ. ಹೊಸ ಹಲ್ಲಿನ ಸೆಟ್ಟು ಹಾಕಿ, ಉಚ್ಚಾರ ಸರಿ ಬರುತ್ತದೋ ನೋಡಲು "ಏನಾದರೂ ಮಾತಾಡಿ ಮೋನಾಕ" ಎಂದೆ. ನಾನು ಕೇಳಿದ್ದು ಎರಡು ವಾಕ್ಯ. ಅವರು ಕೊಟ್ಟದ್ದು ಮುಕ್ಕಾಲು ಗಂಟೆ.

ಅವರ ತಂದೆ ಬಹಳ ಹಿಂದೆ ಹೆಂಚಿನ ಕಾರ್ಖಾನೆಯ ಮ್ಯಾನೇಜರ ಓಡಾಟಕ್ಕೆಂದು ಒಂದು ಮೋಟಾರು ಬೋಟು ಕಟ್ಟಿದರಂತೆ. ಮೋನಾಕ ಮೊದಲು ಮೊಳೆ ಹೊಡೆದು ಕಲಿತದ್ದು ಅದರ ಮೇಲೆ. ಕಾರ್ಖಾನೆ ಮುಚ್ಚಿದಾಗ ಬೋಟು ಕಟ್ಟಿದವರ ಮನೆಗೇ ತಿರುಗಿ ಬಂತು.

"ಈಗ ಅದರಲ್ಲಿ ಎಂತ ಉಂಟು?" ಎಂದೆ.

"ಕೋಳಿ ಉಂಟು ಡಾಕ್ಟ್ರೆ" ಎಂದರು. ಆಮೇಲೆ ಸ್ವಲ್ಪ ಸ್ವರ ತಗ್ಗಿಸಿ, "ದುಬಾಯಿಯಿಂದ ಮಗ ಬರ್ತಾನೆ ಮಳೆಗೆ ಮೊದಲು. ಆ ಜಾಗದಲ್ಲಿ ಕಾರಿಗೆ ಶೆಡ್ಡು ಮಾಡ್ಬೇಕಂತೆ. ಬೋಟು ಒಡೆದು ಸೌದೆ ಮಾಡುವ ಅಂತ ಹೇಳ್ತಾನೆ. ಈಗ ಎಲ್ಲ ಫೈಬರ್ ಅಲ್ವಾ, ಮರದ್ದು ಯಾರಿಗೆ ಬೇಕು? ನನಗೆ ಒಮ್ಮೆ ಅದನ್ನು ನೀರಲ್ಲಿ ನೋಡಿದ್ರೆ ಸಾಕಿತ್ತು" ಎಂದರು.

ಹೊಸ ಹಲ್ಲಿನಲ್ಲಿ ಉಚ್ಚಾರ ಬಹಳ ಸ್ಪಷ್ಟವಾಗಿತ್ತು. ಹಾಗಾಗಿ ಕೇಳಿಸಲಿಲ್ಲ ಎಂದು ನಟಿಸುವಂತಿರಲಿಲ್ಲ.

ಮುಂದಿನ ಭಾನುವಾರ ಹೋಗಿ ನೋಡಿದೆ. ತೆಂಗಿನ ಮರಗಳ ನಡುವೆ, ಹರಿದ ಟಾರ್ಪಾಲಿನ ಕೆಳಗೆ, ಇಪ್ಪತ್ತೆರಡು ಅಡಿ ಉದ್ದದ ಬೋಟು ಮಗ್ಗುಲಾಗಿ ಮಲಗಿತ್ತು. ಬಣ್ಣ ಚಕ್ಕೆ ಚಕ್ಕೆಯಾಗಿ ಎದ್ದಿತ್ತು. ಆದರೆ ಆ ಮೂತಿಯ ಬಳುಕು! ನಾನು ಚೀಲದಿಂದ ಹಲ್ಲು ಹುಳುಕು ನೋಡುವ ಕೊಕ್ಕೆ ತೆಗೆದು ಒಂದೊಂದೇ ಹಲಗೆಯನ್ನು ಕುಟ್ಟಿ, ಚುಚ್ಚಿ ನೋಡಿದೆ. ಹನ್ನೊಂದು ಹಲಗೆ ಹೋಗಿತ್ತು, ಉಳಿದದ್ದು ಗಟ್ಟಿ. ಮೋನಾಕ ಪಕ್ಕದಲ್ಲಿ ನಿಂತು ಎಕ್ಸ್‌ರೇ ರಿಪೋರ್ಟಿಗೆ ಕಾಯುವವರ ಹಾಗೆ ನನ್ನ ಮುಖ ನೋಡುತ್ತಿದ್ದರು. "ಉಳಿಸಬಹುದು" ಎಂದೆ. ಅಷ್ಟು ಖುಷಿಯಿಂದ ಆ ಮಾತನ್ನು ಯಾವ ದವಡೆಗೂ ನಾನು ಹೇಳಿದ್ದಿಲ್ಲ.

ಇಲ್ಲಿ ನನ್ನ ಗಂಡನ ಬಗ್ಗೆ ಹೇಳಬೇಕು. ಅವರು ಇಪ್ಪತ್ತೆರಡು ವರ್ಷ ಮಸ್ಕತ್ತಿನ ಒಂದು ಕಂಪೆನಿಯಲ್ಲಿ ಸೇಫ್ಟಿ ಆಫೀಸರ್ ಆಗಿದ್ದವರು. ಊರಿಗೆ ಬಂದು ಎರಡು ವರ್ಷವಾದರೂ ಕೆಲಸ ಬಿಟ್ಟಿಲ್ಲ. ಸಂಬಳ ಮಾತ್ರ ನಿಂತಿದೆ. ನಮ್ಮ ಮನೆಯ ಮೆಟ್ಟಿಲುಗಳಿಗೆ ಹಳದಿ ಪಟ್ಟಿ ಬಳಿದಿದ್ದಾರೆ. ದೀಪಾವಳಿಗೆ ಒಂದು ಸುರುಸುರು ಬತ್ತಿ ಹಚ್ಚಬೇಕಾದರೂ ಎರಡು ಬಕೆಟ್ ಮರಳು ಮುಂದೆ ಇರಬೇಕು. ಅಂಥವರಿಗೆ ನಾನು ಬೋಟಿನ ಫೋಟೋ ತೋರಿಸಿದೆ. ಅವರು ಅದನ್ನು ದೊಡ್ಡದು ಮಾಡಿ, ಚಿಕ್ಕದು ಮಾಡಿ, ತಿರುಗಿಸಿ ನೋಡಿ, "ಶಶಿ, ನಿನಗೆ ಈಜಲಿಕ್ಕೆ ಬರುವುದಿಲ್ಲ" ಎಂದರು. "ಬೋಟಿಗೆ ಬರುತ್ತದಲ್ಲ" ಎಂದೆ. ಅವರು ಅಂದೇ ಹೋಗಿ ಲೈಫ್ ಜಾಕೆಟ್‌ಗಳಿಗೆ ಆರ್ಡರ್ ಕೊಟ್ಟರು. ಬೋಟು ನೀರಿಗಿಳಿಯಲು ಇನ್ನೂ ಏಳು ತಿಂಗಳಿತ್ತು.

ಆ ಏಳು ತಿಂಗಳ ಭಾನುವಾರಗಳೆಲ್ಲ ಉಳ್ಳಾಲದಲ್ಲೇ ಕಳೆದವು. ಮೋನಾಕನ ಕೈ ಸ್ವಲ್ಪ ನಡುಗುತ್ತದೆ, ಆದರೆ ಉಳಿ ಹಿಡಿದ ಕೂಡಲೇ ನಿಲ್ಲುತ್ತದೆ. ಅವರು ಹಲಗೆ ಕೂರಿಸುತ್ತಿದ್ದರು; ನಾನು ಹಳೆಯ ಬಣ್ಣ ಕೆರೆಯುತ್ತಿದ್ದೆ, ಹಲಗೆಗಳ ಸಂದಿಗೆ ಹತ್ತಿ ನೂಲು ತುರುಕುತ್ತಿದ್ದೆ. ಒಮ್ಮೆ ಅವರು ನಮಾಜಿಗೆ ಹೋದಾಗ ಒಂದು ಸಣ್ಣ ತೂತನ್ನು ಕ್ಲಿನಿಕ್ಕಿನಿಂದ ತಂದ ಹಲ್ಲಿನ ಸಿಮೆಂಟಿನಿಂದ ಮುಚ್ಚಿ, ನಯ ಮಾಡಿ, ಪಾಲಿಶ್ ಹಾಕಿಟ್ಟೆ. ಅವರು ಬಂದು ಬೆರಳಾಡಿಸಿ ನೋಡಿ, "ಚಂದ ಆಗಿದೆ ಡಾಕ್ಟ್ರೆ. ಆದ್ರೆ ಬೋಟಿಗೆ ಐಸ್‌ಕ್ರೀಂ ತಿನ್ಲಿಕ್ಕಿಲ್ಲ ಅಲ್ವಾ" ಎಂದು ಅದನ್ನೆಲ್ಲ ಕೆತ್ತಿ ತೆಗೆದು ಮರದ ಬೆಣೆ ಹೊಡೆದರು. ಜನವರಿಯಲ್ಲಿ ಇಪ್ಪತ್ತೊಂದು ದಿನ ಕೆಲಸ ಪೂರ್ತಿ ಬಂದ್. ಬೋಟಿನ ಮೂತಿಯಲ್ಲಿ ಒಂದು ಹೇಂಟೆ ಕಾವಿಗೆ ಕೂತಿತ್ತು. ಅದನ್ನು ಎಬ್ಬಿಸಿದರೆ ಚಹಾ ಇಲ್ಲ ಎಂದು ಮೋನಾಕನ ಹೆಂಡತಿ ಐಸಮ್ಮ ಇಬ್ಬರಿಗೂ ಹೇಳಿದ್ದರು. ಒಂಬತ್ತು ಮರಿಗಳಾದವು. ಆ ದಿನಗಳಲ್ಲಿ ನನ್ನ ತಲೆ ಎಲ್ಲಿತ್ತೆಂದರೆ, ಕ್ಲಿನಿಕ್ಕಿನಲ್ಲಿ ಒಬ್ಬ ಪ್ರೊಫೆಸರರ ಬಾಯಿ ನೋಡಿ "ಈ ಹಲಗೆ ಉಳಿಯುವುದಿಲ್ಲ, ತೆಗೆದುಬಿಡುವ" ಎಂದೆ. ಪಾಪ, ಅವರು ಎರಡನೆಯ ಅಭಿಪ್ರಾಯ ಕೇಳಲು ಬೇರೆ ಡಾಕ್ಟರ ಹತ್ತಿರ ಹೋದರು.

ಕೊನೆಗೆ ಎಂಜಿನ್. ಹಳೆಯದರ ಜೀವ ಹೋಗಿತ್ತು. ಮೀನಿನ ಬೋಟುಗಳು ನಿಲ್ಲುವ ಧಕ್ಕೆಯ ಒಬ್ಬ ಮೆಕ್ಯಾನಿಕ್ ಬೇರೊಂದನ್ನು ಹುಡುಕಿಕೊಟ್ಟ. ಅದಕ್ಕೆ ಗೇರಿಲ್ಲ, ಶುರು ಮಾಡಿದರೆ ಹೋಗುತ್ತದೆ, ಆಫ್ ಮಾಡಿದರೆ ನಿಲ್ಲುತ್ತದೆ. ನೀರಿನೊಳಗೆ ತಿರುಗುವ ಪಂಕ ಹಳೆಯದೇ ಇತ್ತು, ಆದರೆ ಅದರ ಅಂಚು ಮುರಿದಿತ್ತು. ನಾನು ಗುಜರಿ ಅಂಗಡಿಯಲ್ಲಿ ಒಂದು ಹಿತ್ತಾಳೆಯ ಪಂಕ ನೋಡಿ ಮರುಳಾಗಿ ತಂದೆ. ವಾರವಿಡೀ ಉಜ್ಜಿ ಉಜ್ಜಿ ದೇವರ ಮುಂದಿಡುವ ಹಾಗೆ ಹೊಳೆಯಿಸಿದೆ. ಮೆಕ್ಯಾನಿಕ್ ಕೂರಿಸುವಾಗ, "ಅಕ್ಕ, ಇದು ಯಾವ ಕಡೆ ತಿರುಗುವುದು?" ಎಂದು ಕೇಳಿದ.

"ಸುತ್ತ ತಿರುಗುವುದು. ಮತ್ತೆಂತ?" ಎಂದೆ.

"ಹಾಗಲ್ಲ, ಈ ಎಂಜಿನ್ನಿಗೆ ಇದು ಆಗ್ತದಾ ಅಂತ ಚೆಕ್ ಮಾಡಿದ್ದೀರಲ್ಲ?"

"ಮಾಡಿದ್ದೇನೆ" ಎಂದೆ. ಸಿರಿಂಜನ್ನು ಬೆನ್ನ ಹಿಂದೆ ಅಡಗಿಸಿ "ನೋವೇ ಆಗುವುದಿಲ್ಲ" ಎನ್ನುವಾಗ ಬರುತ್ತದಲ್ಲ, ಅದೇ ಸ್ವರ. ಆ ಸ್ವರಕ್ಕೆ ಯಾರೂ ಎದುರಾಡುವುದಿಲ್ಲ. ಅವನೂ ಆಡಲಿಲ್ಲ.

ಏಪ್ರಿಲ್ ಕೊನೆಯಲ್ಲಿ ಹತ್ತು ಜನ ಸೇರಿ ಬೋಟನ್ನು ನೇತ್ರಾವತಿಗೆ ಇಳಿಸಿದೆವು. ಇಳಿಸಿದ ಕೂಡಲೇ ಎಲ್ಲ ಸಂದಿಗಳಿಂದ ನೀರು ಜಿನುಗಿ ಒಳಗೆ ಬಂತು. ನನಗೆ ಅಳು ಬಂತು. ಮೋನಾಕ ಮಾತ್ರ ದಡದಲ್ಲಿ ಆರಾಮವಾಗಿ ಕೂತು, "ಕುಡೀಲಿ ಬಿಡಿ. ಎಷ್ಟು ವರ್ಷದ ಬಾಯಾರಿಕೆ ಅದಕ್ಕೆ" ಎಂದರು. ಅದು ಮೂರು ದಿನ ಕುಡಿಯಿತು. ಹಲಗೆಗಳು ಉಬ್ಬಿ ಒಂದಕ್ಕೊಂದು ಒತ್ತಿಕೊಂಡವು. ನಾಲ್ಕನೆಯ ದಿನ ನೀರೆಲ್ಲ ಎತ್ತಿ ಹೊರಗೆ ಹಾಕಿದ ಮೇಲೆ ಒಳಗೆ ಒಂದು ಹನಿಯೂ ಇಳಿಯಲಿಲ್ಲ.

ಭಾನುವಾರ ಬೆಳಿಗ್ಗೆ ದಡದಲ್ಲಿ ಜನವೋ ಜನ. ನಮ್ಮ ಅತ್ತೆ ತೆಂಗಿನಕಾಯಿ ಒಡೆದರು, ಐಸಮ್ಮ ದುವಾ ಮಾಡಿದರು. ಮೊನ್ನೆಯಷ್ಟೇ ದುಬಾಯಿಯಿಂದ ಬಂದ ಮೋನಾಕನ ಮಗ ಎದೆಗೆ ಕೈಕಟ್ಟಿ ದೂರ ನಿಂತಿದ್ದ. ಸ್ಟೀರಿಂಗ್ ಹಿಡಿದು ನಾನು. ಮುಂದೆ ಇಸ್ತ್ರಿ ಹಾಕಿದ ಬಿಳಿ ಅಂಗಿಯಲ್ಲಿ ಮೋನಾಕ. ನಡುವೆ ಲೈಫ್ ಜಾಕೆಟ್, ಹೆಲ್ಮೆಟ್ಟು, ಕೊರಳಿಗೆ ಸೀಟಿ ಹಾಕಿಕೊಂಡ ನನ್ನ ಗಂಡ. ಐಸಮ್ಮ ಬರುವುದೇ ಇಲ್ಲ ಎಂದವರು, ಕೊನೆಗೆ ಏನನ್ನೂ ನೋಡಬಾರದೆಂದು ಹಿಂದಿನ ತುದಿಯಲ್ಲಿ ದುಪಟ್ಟಿ ಮುಖಕ್ಕೆಳೆದು ಕೂತರು. ಬೋಟಿನ ಮೂತಿ ದಡದ ಕಡೆಗಿತ್ತು. ಅದನ್ನು ತಿರುಗಿಸಿ ನಿಲ್ಲಿಸುವ ಮೊದಲೇ ನಾನು ಗಡಿಬಿಡಿಯಲ್ಲಿ ಎಂಜಿನ್ ಶುರು ಮಾಡಿಬಿಟ್ಟೆ.

ಬೋಟು ಗುಡುಗಿ, ಒಮ್ಮೆ ಮೈ ಕೊಡವಿ, ಎಷ್ಟು ನಾಜೂಕಾಗಿ ಹಿಂದಕ್ಕೆ ಸರಿಯಿತೆಂದರೆ ದಡದವರೆಲ್ಲ ಕೇಕೆ ಹಾಕಿದರು. "ರಿವರ್ಸ್ ಭಾರೀ ಲಾಯ್ಕ ತೆಗೆದೆ ಶಶಿ!" ಎಂದರು ನನ್ನ ಗಂಡ. ಮದುವೆಯಾಗಿ ಇಷ್ಟು ವರ್ಷದಲ್ಲಿ ನನ್ನ ಡ್ರೈವಿಂಗನ್ನು ಅವರು ಹೊಗಳಿದ್ದು ಅದೇ ಮೊದಲು. ನಾನು ಗಂಭೀರವಾಗಿ ತಲೆಯಾಡಿಸಿದೆ. ಬೋಟು ಹಿಂದಕ್ಕೆ ಹೋಯಿತು. ಮತ್ತೂ ಹಿಂದಕ್ಕೆ ಹೋಯಿತು. ದಡದವರು ಸಣ್ಣವರಾಗುತ್ತ ಬಂದರು. ಆಗ ನನಗೆ ತಿಳಿಯಿತು: ನನ್ನ ಹೊಳೆಯುವ ಹಿತ್ತಾಳೆಯ ಪಂಕ ಉಲ್ಟಾ ಜಾತಿಯದು. ಈ ಬೋಟಿಗೆ ಗೊತ್ತಿರುವುದು ಹಿಂದಕ್ಕೆ ಹೋಗುವುದು ಒಂದೇ.

"ಮುಂದೆ ತೆಗಿ" ಎಂದರು ಗಂಡ.

"ಮುಂದೆ ಇಲ್ಲ" ಎಂದೆ.

"ಇಲ್ಲ ಅಂದ್ರೆ ಎಂತ ಮಾರಾಯ್ತಿ?"

ಬೋಟು ನದಿಯ ನಡುವಿಗೆ ಬಂದಿತ್ತು. ಮೋನಾಕ ನನ್ನ ಮುಖ ನೋಡಿದರು, ಪಂಕದ ನೊರೆ ನೋಡಿದರು, ಮತ್ತೆ ನಗತೊಡಗಿದರು. ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡು, "ಡಾಕ್ಟ್ರೆ, ಬೋಟು ತಿರುಗದಿದ್ರೆ ನಾವು ತಿರುಗಿ ಕೂತ್ರೆ ಆಯ್ತು!" ಎಂದು ಹಿಂದುಮುಂದಾಗಿ ಕೂತರು. ಎಲ್ಲರೂ ತಿರುಗಿ ಕೂತೆವು. ಏನೂ ನೋಡಬಾರದೆಂದು ಹಿಂದೆ ಕೂತಿದ್ದ ಐಸಮ್ಮ ಈಗ ಎಲ್ಲರಿಗಿಂತ ಮುಂದೆ! ದುಪಟ್ಟಿ ಹಾರಿ ಹೆಗಲಿಗೆ ಬಿತ್ತು. ಅವರು ಕಣ್ಣು ಬಿಟ್ಟರು, ಮತ್ತೆ ಮುಚ್ಚಲಿಲ್ಲ. ಎದುರಿಗೆ ಲಂಗರು ಹಾಕಿದ ಒಂದು ದೊಡ್ಡ ಮೀನಿನ ಬೋಟು ಬೆಳೆಯುತ್ತ ಬರುತ್ತಿತ್ತು. ಎಂಜಿನ್ ಆಫ್ ಮಾಡಿದರೆ ನೀರಿನ ಸೆಳೆತ ನಮ್ಮನ್ನು ಅದರ ಮೇಲೇ ಹಾಕುತ್ತಿತ್ತು. ನಾನು ಸ್ಟೀರಿಂಗ್ ಎಡಕ್ಕೆ ಎಳೆದರೆ ನಮ್ಮ ಬೋಟು ಬಲಕ್ಕೆ ಯೋಚಿಸುತ್ತಿತ್ತು. ಆಗ ನನ್ನ ಗಂಡ ಎದ್ದು ನಿಂತರು. ಚಲಿಸುವ ವಾಹನದಲ್ಲಿ ಎದ್ದು ನಿಲ್ಲುವವರಿಗೆ ಇಪ್ಪತ್ತೆರಡು ವರ್ಷ ದಂಡ ಹಾಕಿದ ಮನುಷ್ಯ! ಹೆಲ್ಮೆಟ್ಟು ಕಳಚಿ ಕೆಳಗಿಟ್ಟು, ಬೋಟಿನ ಅಂಚನ್ನು ರಪರಪ ಬಡಿಯುತ್ತ, ಸ್ಟೇಟ್‌ಬ್ಯಾಂಕ್ ಸ್ಟ್ಯಾಂಡಿನಲ್ಲಿ ಬಸ್ಸು ಹಿಂದೆ ತೆಗೆಸುವ ಕಂಡಕ್ಟರನ ಸ್ವರದಲ್ಲಿ, "ಬರ್ಲಿ, ಬರ್ಲಿ, ಬರ್ಲಿ... ಲೆಫ್ಟ್ ಹೊಡಿ... ಇನ್ನೂ ಹೊಡಿ... ರೈಟ್ ಪೋಯಿ, ಹೋಗುವ!" ಎಂದು ಕೂಗಿದರು. ಮೀನಿನ ಬೋಟಿನ ಪಕ್ಕದಲ್ಲಿ ಒಂದು ಕೈಯಷ್ಟು ಜಾಗ ಬಿಟ್ಟು ನಾವು ದಾಟಿದೆವು. ಅದರಲ್ಲಿ ಬಲೆ ಹೊಲಿಯುತ್ತಿದ್ದವನೊಬ್ಬ ಸೂಜಿ ಹಿಡಿದೇ, "ದಾನೆ ಅಕ್ಕ, ಪಿರ ಪಿರ ಪೋಪಿನಿ?" ಎಂದು ಕೇಳಿದ. ಯಾಕಕ್ಕ ಹಿಂದೆ ಹಿಂದೆ ಹೋಗುವುದು ಎಂಬ ಆ ಪ್ರಶ್ನೆಗೆ ಉತ್ತರ ಕೊಡುವಷ್ಟು ಉಸಿರು ನಮ್ಮಲ್ಲಿ ಯಾರಿಗೂ ಇರಲಿಲ್ಲ. ನಾಲ್ವರೂ ಹೊಟ್ಟೆ ಹಿಡಿದು ನಗುತ್ತಿದ್ದೆವು. ನದಿಯ ಅಷ್ಟಗಲವನ್ನೂ ನಾವು ಬೋಟಿನ ಬೆನ್ನು ಮುಂದೆ ಮಾಡಿ ದಾಟಿ, ಎಂಜಿನ್ ಆಫ್ ಮಾಡಿ, ಸಣ್ಣ ದೋಣಿಯಲ್ಲಿ ನಮ್ಮ ಹಿಂದೆಯೇ ಬಂದ ಆ ಬಲೆಯವನಿಂದ ಹಗ್ಗ ಕಟ್ಟಿಸಿಕೊಂಡು ಮರಳಿದೆವು.

ದಡದಲ್ಲಿ ಮಗ ಮೊಣಕಾಲುದ್ದ ನೀರಿಗೆ ಇಳಿದು ಬಂದು ಹಗ್ಗ ಹಿಡಿದ. ತಂದೆಯ ಕೈಹಿಡಿದು ಇಳಿಸಿ, ಬೋಟಿನ ಹಲಗೆಗಳ ಮೇಲೆ ಉದ್ದಕ್ಕೂ ಅಂಗೈ ಆಡಿಸಿ, "ಉಪ್ಪ, ಒಳಗೆ ಒಂದು ಹನಿ ನೀರಿಲ್ಲ" ಎಂದ. ಮೋನಾಕ ಅವನ ಭುಜದ ಮೇಲೆ ಕೈಯಿಟ್ಟು, ತಾವು ಕೂರಿಸಿದ ಹೊಸ ಹಲಗೆಗಳನ್ನು ಒಂದೊಂದಾಗಿ ಮುಟ್ಟಿ ತೋರಿಸಿದರು.

ಈಗ ಸರಿಯಾದ ಪಂಕ ಹಾಕಿಸಿದ್ದೇವೆ, ಬೋಟು ಮುಂದಕ್ಕೆ ಹೋಗುತ್ತದೆ. ಸ್ಟೀರಿಂಗ್ ನನ್ನ ಗಂಡನ ಕೈಯಲ್ಲಿದೆ. ಆ ದಿನದಿಂದ ಅವರು ಅದನ್ನು ಬಿಟ್ಟುಕೊಟ್ಟಿಲ್ಲ. ಮೋನಾಕ ಮುಂದೆ ಕೂತು ದಾರಿ ಹೇಳುತ್ತಾರೆ, ಐಸಮ್ಮ ಫ್ಲಾಸ್ಕಿನಿಂದ ಚಹಾ ಹಂಚುತ್ತಾರೆ. "ಡಾಕ್ಟ್ರ ಕೈ ಸೂಕ್ಷ್ಮ ಕೆಲಸದ್ದು" ಎಂದು ಮೂವರೂ ಬಹಳ ಮರ್ಯಾದೆಯಿಂದ ಹೇಳಿ, ಅಲೆ ಹಾರಿ ಒಳಗೆ ಬಿದ್ದ ನೀರನ್ನು ಎತ್ತಿ ಹೊರಗೆ ಚೆಲ್ಲಲು ನನಗೊಂದು ಪ್ಲಾಸ್ಟಿಕ್ ಮಗ್ಗು ಕೊಟ್ಟಿದ್ದಾರೆ. ಭಾನುವಾರವಿಡೀ ಕುಕ್ಕರಗಾಲಿನಲ್ಲಿ ಕೂತು ಅದನ್ನೇ ಮಾಡುತ್ತೇನೆ. ಕ್ಲಿನಿಕ್ಕಿನಲ್ಲಾದರೆ, ಬಾಯಲ್ಲಿ ತುಂಬಿದ ನೀರು ತೆಗೆಯುವುದಕ್ಕೆ ನಾನು ಅಸಿಸ್ಟೆಂಟ್ ಇಟ್ಟುಕೊಂಡಿದ್ದೇನೆ.