ತಿಕೋಟಾದ ಕರೆಂಟಿಗೆ ನಾನೇ ಪ್ರತಿನಿಧಿ

ಕತ್ತಲಲ್ಲಿ ಕೂತವರ ಪರವಾಗಿ ಮಾತಾಡಲು ಯಾವಾಗಲೂ ಬೆಳಕಿನಲ್ಲಿ ಕೂತವರನ್ನೇ ಆರಿಸುತ್ತಾರೆ. ಇದನ್ನು ನಾನು ಯಾವ ಗ್ರಂಥದಲ್ಲೂ ಓದಿಲ್ಲ. ವಿಜಾಪುರದ ವಿದ್ಯುತ್ ಸಲಹಾ ಸಮಿತಿಯಲ್ಲಿ ಅರ್ಧ ದಿನ ಕೂತು ಕಲಿತೆ. ನಮ್ಮ ಕಡೆ ಕರೆಂಟೆಂದರೆ ಸಿರಿವಂತ ಬೀಗರಿದ್ದಂತೆ. ಬರುವುದನ್ನು ಹೇಳಿ ಬರುವುದಿಲ್ಲ, ಎದ್ದು ಹೊರಟರೆ ಯಾಕೆಂದು ಕೇಳುವ ಧೈರ್ಯ ನಮಗಿಲ್ಲ.

ನನ್ನ ಚಿಗವ್ವ ತಿಕೋಟಾದಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಾಳೆ. ಮುಂಜಾನೆ ಆರಕ್ಕೇ ಹೆಂಗಸರು ಜೋಳದ ಬುಟ್ಟಿ ಹೊತ್ತು ಬರುತ್ತಾರೆ. ಹತ್ತರೊಳಗೆ ಬೀಸಿಕೊಟ್ಟರೆ ಊರಿಗೆ ರೊಟ್ಟಿ, ಇಲ್ಲದಿದ್ದರೆ ಚಿಗವ್ವನಿಗೆ ಬೈಗುಳ. ಹೀಗಿರುವಾಗ ಗಿರಣಿಗೊಂದು ಕಾಗದ ಬಂತು: ವಿದ್ಯುತ್ತಿನ ಕೊರತೆ ಇದೆ, ದಿನಕ್ಕೆ ನಾಲ್ಕು ತಾಸು ಕಡಿತ ಅನಿವಾರ್ಯ, ಯಾವ ಹೊತ್ತಿನಲ್ಲಿ ಎಂಬುದನ್ನು ಎಲ್ಲ ಬಳಕೆದಾರರನ್ನೂ ಕೇಳಿಯೇ ತೀರ್ಮಾನಿಸುತ್ತೇವೆ, ತಿಕೋಟಾದಿಂದ ಒಬ್ಬ ಪ್ರತಿನಿಧಿಯನ್ನು ಕಳಿಸಿ.

"ನಾ ಗಿರಣಿ ಬಿಟ್ಟು ಹ್ಯಾಂಗ ಹೋಗ್ಲಿ? ನೀನ ಹೋಗಲೇ," ಎಂದಳು ಚಿಗವ್ವ. "ಮುಂಜಾನಿ ಕರೆಂಟ್ ತಗೀಬ್ಯಾಡ್ರಿ, ಬೇಕಾದ್ರ ಮಧ್ಯಾಹ್ನ ತಗೀರಿ. ಇದೊಂದ ಮಾತ ಹೇಳಿ ಬಾ. ಹೆಚ್ಚಿಗಿ ಬಾಯಿ ಬಿಡಬ್ಯಾಡ."

ಊರವರ ಮಾತು, ನಡಿಗೆ, ಕೆಮ್ಮನ್ನೆಲ್ಲ ಅಣಕಿಸಿ ಕೆಟ್ಟ ಹೆಸರು ಗಳಿಸಿದವನು ನಾನು. ಅವಳ ಭಯ ನ್ಯಾಯವಾದದ್ದೇ.

ಸಭೆಯಲ್ಲಿ ರೈತರ ಪ್ರತಿನಿಧಿಯಾಗಿ ಒಬ್ಬ ಸಾಹುಕಾರರಿದ್ದರು. ಬಬಲೇಶ್ವರದ ಹೊಲವನ್ನು ಪಾಲಿಗೆ ಕೊಟ್ಟು, ಅದು ಯಾವ ದಿಕ್ಕಿಗಿದೆ ಎಂಬುದನ್ನೇ ಮರೆತವರು. ಅಲ್ಲಿಯ ಬಾವಿಗೆ ಡೀಸೆಲ್ ಎಂಜಿನ್. ಮನೆ ಬಳಕೆದಾರರ ಪರವಾಗಿ ಬಂದವರು ಒಬ್ಬ ವಕೀಲರು. ಅವರ ಮನೆಗೆ ಎಂದೂ ಕಡಿತವಿಲ್ಲದ ಆಸ್ಪತ್ರೆಯ ಲೈನು. ಕಂದೀಲನ್ನು ಅವರು ಬಾಲ್ಯದಲ್ಲಿ ಕಂಡದ್ದೇ ಕಡೆ.

"ನಾಲ್ಕ ತಾಸ ಅಷ್ಟ ಹೌದಲ್ಲೋ? ಜನಾ ತಡಕೋತಾರ ತಗೋರಿ," ಎಂದು ವಕೀಲರು ಜನರ ಪರವಾಗಿ ತಡೆದುಕೊಂಡರು.

"ರೈತರದೂ ಏನೂ ತಕರಾರಿಲ್ರಿ," ಎಂದರು ಸಾಹುಕಾರರು, ಡೀಸೆಲ್ ಧೈರ್ಯದ ಮೇಲೆ.

ಅಧ್ಯಕ್ಷರದು ಮೂಗಿನ ದನಿ. ವಿಷಯ ಯಾವುದೇ ಇರಲಿ, "ಹ್ಞಂ, ಎಲ್ಲಾರದೂ ಒಪ್ಪಿಗಿ ಅದ, ಮುಂದಿಂದು ಓದ್ರಿ," ಎನ್ನುವರು. ಗುಮಾಸ್ತ ಖಾದರಸಾಹೇಬರು ತಲೆ ಎತ್ತದೆ ಅದನ್ನೇ ಬರೆದುಕೊಳ್ಳುವರು. ಈ ನೌಕರಿಗೆ ಕಿವಿಯೊಂದಿದ್ದರೆ ಸಾಕೆಂದು ಅವರು ಎಂದೋ ಕಂಡುಕೊಂಡಿದ್ದರು.

ತಿಕೋಟಾದ ಸರದಿ ಬಂತು. ಮುಂಜಾನೆ ಆರರಿಂದ ಹತ್ತರವರೆಗೆ ಕಡಿತ ಎಂದು ಎಂಜಿನಿಯರು ಓದಿದರು. ಅಧ್ಯಕ್ಷರು ಆಗಲೇ ಕಣ್ಣು ಮುಚ್ಚಿ, ಗದ್ದವನ್ನು ಎದೆಗೆ ಒಪ್ಪಿಸಿದ್ದರು. ನಾನು ಎದ್ದು ಚಿಗವ್ವನ ಮಾತು ಹೇಳಬೇಕಾದ ಹೊತ್ತು ಅದೇ. ಆದರೆ ಅದಕ್ಕೂ ಮೊದಲು ಪಕ್ಕದ ವಕೀಲರನ್ನು ಒಮ್ಮೆ ನಗಿಸಿಬಿಡೋಣ ಎಂಬ ದುರ್ಬುದ್ಧಿ ಬಂತು. ಮೂಗಿನಿಂದಲೇ, "ಹ್ಞಂ, ಎಲ್ಲಾರದೂ ಒಪ್ಪಿಗಿ ಅದ, ಮುಂದಿಂದು ಓದ್ರಿ," ಎಂದೆ.

ವಕೀಲರು ನಕ್ಕರು. ಖಾದರಸಾಹೇಬರು ಬರೆದರು.

"ಸಾಹೇಬ್ರ, ಬರದದ್ದ ಹೊಡದ ಹಾಕ್ರಿ! ಅದು ನಾ ಅಂದದ್ರಿ!" ಎಂದೆ.

"ನೀವು ಅಂದದ್ದು? ದನಿ ಅಧ್ಯಕ್ಷರದಿತ್ತಲ್ರಿ," ಎಂದರು ಖಾದರಸಾಹೇಬರು, ಆಗಲೂ ತಲೆ ಎತ್ತದೆ.

ಗದ್ದಲಕ್ಕೆ ಅಧ್ಯಕ್ಷರು ಎಚ್ಚರಾದರು. "ಏನ ಬರದೀರಿ?"

"ಒಪ್ಪಿಗಿ ಅಂತ ಬರದೇನ್ರಿ."

"ಬರೋಬ್ಬರಿ ಬರದೀರಿ. ನಾನೂ ಅದನ್ನ ಅನ್ನಾಂವ ಇದ್ದೆ."

"ಮುಂಜಾನಿ ಬ್ಯಾಡ್ರೀ, ಮಧ್ಯಾಹ್ನ ತಗೀರಿ!" ಎಂದು ನಾನು ಕೂಗಿದೆ.

"ಯಪ್ಪಾ, ಠರಾವ ಆಗಿಹೋತು. ಚಹಾ ಕುಡಿ," ಎಂದರು ಸಾಹುಕಾರರು, ಬಶಿಯನ್ನು ನನ್ನತ್ತ ಸರಿಸುತ್ತ.

ಮುಂದಿನ ವಾರ ಗಿರಣಿಯ ಮುಂದೆ ಬುಟ್ಟಿಗಳ ಸಾಲು. ಕರೆಂಟಿಲ್ಲ. ಹೆಂಗಸರು ಚಿಗವ್ವನನ್ನು ಬೈದರು. ಚಿಗವ್ವ ನನ್ನತ್ತ ತಿರುಗಿದಳು.

"ಆ ಒಂದ ಮಾತ ಹೇಳಿದೇನಲೇ?"

"ಹೇಳೇನಿ ಬೇ."

"ಯಾವಾಗ?"

"ಠರಾವ ಆದ ಮ್ಯಾಲೆ."

ಆ ಸಮಿತಿಯನ್ನು ನಾನು ಇಂದಿಗೂ ಸಿಕ್ಕಸಿಕ್ಕವರ ಮುಂದೆ ಹೀಯಾಳಿಸುತ್ತೇನೆ. ಆದರೆ ನ್ಯಾಯವಾಗಿ ನೋಡಿದರೆ ನಮ್ಮೂರ ಸರದಿಯಲ್ಲಿ ಸಾಹುಕಾರರು, ವಕೀಲರು ಸುಮ್ಮನೆ ಕೂತಿದ್ದರು, ಅಧ್ಯಕ್ಷರು ನಿದ್ದೆಯಲ್ಲಿದ್ದರು. ತಿಕೋಟಾದ ಕರೆಂಟು ತೆಗೆಸುವುದಕ್ಕೆ ನಿಜವಾಗಿ ಬಾಯಿಬಿಟ್ಟು ದುಡಿದವನು ತಿಕೋಟಾದ ಪ್ರತಿನಿಧಿಯೊಬ್ಬನೇ.