ಮಗ್ಗದ ಗುಂಡಿಯಲ್ಲಿ ಫೋಟೋ

ಕ್ಯಾಮೆರಾ ಕೈಗೆ ಬಂದ ದಿನದಿಂದ ನನಗೆ ಇಂಥ ಪ್ರಸಂಗಗಳು ಆಗುತ್ತಲೇ ಹೋದವು. ನಾನು ಹುಡುಕಿಕೊಂಡು ಹೋಗುತ್ತಿದ್ದದ್ದು ಬೆಳಕನ್ನು, ಸಿಗುತ್ತಿದ್ದದ್ದು ಪೇಚಾಟ. ಬರೆದು ಅಭ್ಯಾಸವಿಲ್ಲದವನು ನಾನು. ಅರ್ಧ ಹೇಳಿ ಅರ್ಧ ಬಿಟ್ಟರೆ ಓದುವವರಿಗೆ ತೊಂದರೆ, ಆದ್ದರಿಂದ ಮೊದಲು ಮನೆಯ ವಿಷಯ ಹೇಳಿಬಿಡುತ್ತೇನೆ.

ನಮ್ಮದು ಸೇಲಂನಲ್ಲಿ ಕನ್ನಡ ಮಾತಿನ ಕೈಮಗ್ಗದ ಮನೆ. ಎಪ್ಪತ್ತರ ದಶಕದ ಮೊದಲ ವರ್ಷಗಳು. ನನಗೆ ಇಪ್ಪತ್ತೆರಡೋ ಇಪ್ಪತ್ತಮೂರೋ. ಮುಂದಿನ ಕೋಣೆಯ ನೆಲದಲ್ಲಿ ಎರಡು ಗುಂಡಿಗಳಿದ್ದವು. ಗುಂಡಿ ಯಾಕೆಂದರೆ, ನಮ್ಮ ಮಗ್ಗ ಅಂಥದ್ದು. ನೇಯುವವರು ಗುಂಡಿಯ ಅಂಚಿನ ಮೇಲೆ ಕೂತು, ಕಾಲು ಒಳಗೆ ಇಳಿಬಿಟ್ಟು, ಕೆಳಗಿನ ಹಲಗೆಗಳನ್ನು ತುಳಿಯುತ್ತಾರೆ. ಒಂದು ಗುಂಡಿ ಅಪ್ಪನದು. ಇನ್ನೊಂದು ನನಗೆಂದು ತೋಡಿಸಿದ್ದು. ನನ್ನ ಮಗ್ಗಕ್ಕೆ ಗೆದ್ದಲು ಹಿಡಿದು ಅದನ್ನು ಬಿಚ್ಚಿ ಹಾಕಿದ ಮೇಲೆ, ನಾನು ಆ ಗುಂಡಿಯಲ್ಲಿ ಕೂತು ಫೋಟೋ ಮಾಡಲು ಶುರುಮಾಡಿದೆ. ಫೋಟೋಗೆ ಕತ್ತಲೆ ಬೇಕು. ನಮ್ಮ ಮನೆಯಲ್ಲಿ ಕತ್ತಲೆ ಇದ್ದದ್ದು ಅಲ್ಲೊಂದೇ ಕಡೆ.

ಅಪ್ಪನಿಗೆ ಸರಿಬರಲಿಲ್ಲ.

"ಒಂದು ಸಲ ಟಕ್ ಅನ್ನಿಸಿದ್ರೆ ಅದೂ ಒಂದು ಕೆಲ್ಸಾನಾ ಲೇ? ಒಂದು ಸೀರೆಗೆ ನಾನು ಎಷ್ಟು ಸಾವಿರ ಸಲ ಟಕ್ ಅನ್ನಿಸ್ತೀನಿ ಗೊತ್ತಾ? ಪೊಂಗಲ್‌ವರೆಗೂ ನೋಡ್ತೀನಿ. ಇದೂ ಕೆಲ್ಸಾನೇ ಅಂತ ನಂಗೆ ತೋರ್ಸು. ಇಲ್ಲಾಂದ್ರೆ ಗುಂಡಿಗೆ ಮಗ್ಗ ಬರ್ತೈತೆ, ಮಗ್ಗಕ್ಕೆ ನೀನು ಬರ್ತೀಯ."

ನನಗೆ ಇದ್ದ ಭಯ ಅದೊಂದೇ. ಇನ್ನು ಪ್ರಸಂಗಗಳು.

೧. ಅಲ್ಲಾಡಬೇಡಿ

ನೇಯುವ ಮನೆಯಲ್ಲಿ ಬಟ್ಟೆಗೆ ಬರವಿಲ್ಲ. ಆದರೆ ಗುಂಡಿಯ ಮೇಲೆ ಹೊದಿಸಿದರೆ ಬೆಳಕು ನುಸುಳದಂಥ ಒಂದು ತುಂಡೂ ಇರಲಿಲ್ಲ. ನಮ್ಮದೆಲ್ಲ ನಯದ ನೂಲು. ಕರಿ ಕಂಬಳಿಯೇ ಬೇಕೆಂದು ಬಸ್ಸು ಹತ್ತಿ ನಲ್ಲಂಪಳ್ಳಿ ಕಡೆ ಹೋದೆ. ಅಲ್ಲಿ ಕುರಿ ಕಾಯುತ್ತಿದ್ದ ಒಬ್ಬ ಹಿರಿಯರು ಸಿಕ್ಕರು. ಅವರದೂ ಕನ್ನಡವೇ.

"ಕಂಬ್ಳಿ ಕೊಡ್ತೀನಿ ತಂಬಿ. ನನ್ ಪೋಟ ಹಿಡ್ಕೊಡು," ಎಂದರು.

ಸರಿ ಎಂದೆ. ಕೋಲು ಹಿಡಿದು ನಿಂತರು. "ನಾನು ಹೇಳೋವರೆಗೂ ಅಲ್ಲಾಡಬೇಡಿ ಅಯ್ಯಾ," ಎಂದು ಹೇಳಿ ಕ್ಯಾಮೆರಾ ಒತ್ತಿದೆ. ಕೆಲಸ ಮುಗಿಯಿತು. ಅಷ್ಟರಲ್ಲಿ ಅವರ ಹಿಂದೆ ಕುರಿಗಳು ಎಬ್ಬಿಸಿದ ಧೂಳಿನೊಳಗೆ ಸಂಜೆಯ ಬಿಸಿಲು ಬಿತ್ತು. ಧೂಳೆಲ್ಲ ಹೊನ್ನಾಗಿ, ಕುರಿಗಳು ನೆಲ ಮುಟ್ಟದೆ ತೇಲಿ ಹೋಗುತ್ತಿರುವಂತೆ ಕಂಡಿತು. ನಾನು ಆ ಧೂಳಿನ ಹಿಂದೆ ಹೊರಟೆ. ರೀಲಿನಲ್ಲಿ ಉಳಿದಿದ್ದು ಎರಡೇ ಚಿತ್ರ. ಎರಡನ್ನೂ ತೆಗೆದು, ಆಮೇಲೆ ಸುಮ್ಮನೆ ಆ ಬೆಳಕನ್ನೇ ನೋಡುತ್ತಾ ಕೂತೆ. ಎಷ್ಟು ಹೊತ್ತು ಕೂತೆನೋ ಕಾಣೆ.

ತಿರುಗಿ ಬಂದರೆ ಹಿರಿಯರು ನಿಂತಲ್ಲೇ ನಿಂತಿದ್ದಾರೆ. ಕೋಲು ಹಾಗೇ, ಕತ್ತು ಹಾಗೇ. ಮೂಗಿನ ಮೇಲೆ ನೊಣ. ಅವರ ಕುರಿಗಳೆಲ್ಲ ಪಕ್ಕದವರ ರಾಗಿ ಹೊಲದಲ್ಲಿ. ಹೊಲದ ಯಜಮಾನ ಬದುವಿನ ಮೇಲೆ ನಿಂತು ಬಾಯಿಗೆ ಬಂದಂತೆ ಬೈಯುತ್ತಿದ್ದಾನೆ. ಇವರು ತುಟಿಯನ್ನೂ ಅಲ್ಲಾಡಿಸುತ್ತಿಲ್ಲ.

"ಅಯ್ಯಾ, ಆಯಿತು! ಆಗಲೇ ಆಯಿತು!" ಎಂದು ಕೂಗಿದೆ.

ಅವರು ಮೊದಲು ನೊಣ ಓಡಿಸಿದರು. ಆಮೇಲೆ ಹೊಲದವನ ಕಡೆ ತಿರುಗಿದರು.

"ಈಗ ಬಯ್ಯಿ ಬಾ. ಆಗ ನಾನು ಪೋಟದಾಗಿದ್ದೆ."

೨. ಗುಂಡಿಯ ಸ್ವಾಮಿ

ಆ ಕಂಬಳಿಯಿಂದ ಒಳ್ಳೆಯ ಕತ್ತಲೆ ಆಯಿತು. ಕುರಿ ವಾಸನೆಯೂ ಆಯಿತು, ಅದಿರಲಿ. ಗುಂಡಿಯೊಳಗೆ ಇಟ್ಟಿಗೆ ಜೋಡಿಸಿ ಮೂರು ಪಿಂಗಾಣಿ ತಟ್ಟೆ ಇಟ್ಟಿದ್ದೆ. ಮೊದಲನೆಯದರಲ್ಲಿ ಚಿತ್ರ ಬರಿಸುವ ಔಷಧಿ, ಎರಡನೆಯದರಲ್ಲಿ ನೀರು, ಮೂರನೆಯದರಲ್ಲಿ ಬಂದ ಚಿತ್ರವನ್ನು ನಿಲ್ಲಿಸುವ ಔಷಧಿ. ಟಾರ್ಚಿಗೆ ಕೆಂಪು ಕಾಗದ ಸುತ್ತಿ ಮೂಲೆಯಲ್ಲಿ ಸಿಕ್ಕಿಸಿದರೆ, ಮಧ್ಯಾಹ್ನ ಹನ್ನೆರಡು ಗಂಟೆಗೂ ಒಳಗೆ ಕೆಂಪನೆಯ ಮುಸ್ಸಂಜೆ. ನೆಗೆಟಿವ್ ಕೆಳಗಿಟ್ಟು ಒಂದು ಕ್ಷಣ ಬೆಳಕು ತೋರಿಸಿದ ಬಿಳಿ ಕಾಗದವನ್ನು ಮೊದಲ ತಟ್ಟೆಗೆ ಬಿಟ್ಟು ಕಾಯಬೇಕು. ಮೊದಲು ಏನೂ ಇರುವುದಿಲ್ಲ. ಆಮೇಲೆ ನೀರಿನಡಿಯಿಂದ ಯಾರೋ ನಮ್ಮನ್ನು ನೋಡಲು ನಿಧಾನವಾಗಿ ಮೇಲೆ ಬಂದಂತೆ ಒಂದು ಮುಖ. ಎಷ್ಟು ಸಲ ಕಂಡರೂ ಮೈ ಜುಮ್ಮೆನ್ನುತ್ತಿತ್ತು. ಬಂದ ಫೋಟೋಗಿಂತ ಅದು ಬರುವುದನ್ನು ನೋಡುವುದೇ ನನಗೆ ಹೆಚ್ಚು ಎಂದರೆ, ನೀವು ನಗಬಾರದು.

ಕೈಗಡಿಯಾರ ಇರಲಿಲ್ಲ. ಆದ್ದರಿಂದ ಬಾಯಲ್ಲೇ ಎಣಿಸುತ್ತಿದ್ದೆ. ಒಂದು ದಿನ ಪಕ್ಕದ ಮನೆಯ ಅಕ್ಕ ಅವ್ವನ ಹತ್ತಿರ ಮಾತಾಡಲು ಬಂದರು. ನೆಲದಡಿಯಿಂದ ದನಿ ಬರುತ್ತಿದೆ: "ನೂರಾ ಆರು... ನೂರಾ ಏಳು... ನೂರಾ ಎಂಟು..." ನೂರಾ ಎಂಟಕ್ಕೆ ನಾನು ಕಾಗದ ಎತ್ತಿ, ಚಿತ್ರ ಚೆನ್ನಾಗಿ ಬಂದದ್ದು ನೋಡಿ, "ಅಪ್ಪಾ, ಬಂದೆಯಾ!" ಎಂದೆ.

ಮರುದಿನ ಆ ಅಕ್ಕ ತೆಂಗಿನಕಾಯಿ, ಬಾಳೆಹಣ್ಣು ತಂದು ಕಂಬಳಿಯ ಮುಂದೆ ಇಟ್ಟು, "ಸಾಮೀ, ನನ್ ಮಗಳಿಗೆ ಗಂಡು ಯಾವ ದಿಕ್ಕಿಂದ ಬರ್ತಾನೆ, ಒಂದು ಮಾತು ಏಳಪ್ಪಾ," ಎಂದರು.

ನಾನು ಒಳಗೇ ಇದ್ದೆ. ತಟ್ಟೆಯಲ್ಲಿ ಚಿತ್ರ ಅರ್ಧ ಬಂದಿತ್ತು, ಕಂಬಳಿ ಎತ್ತುವಂತಿರಲಿಲ್ಲ. "ಸ್ವಲ್ಪ ತಡೀರಿ, ಬರ್ತಾ ಇದಾನೆ!" ಎಂದು ಕೂಗಿದೆ.

ಅವರು ಸಂಜೆಯವರೆಗೂ ಬೀದಿ ಬಾಗಿಲಲ್ಲಿ ಕೂತು ಕಾದರು. ಬಾಳೆಹಣ್ಣನ್ನು ಅಪ್ಪ ತಿಂದರು.

೩. ತಿರುಗಿ ನೋಡಿದ ಗಿಳಿಗಳು

ನಮ್ಮ ಬೀದಿಯಲ್ಲೇ ಒಂದು ಮದುವೆ. ಮದುಮಗಳ ತಾತ ತಾವೇ ನೇಯ್ದ ಸೀರೆ. ಅಂಚಿನ ಉದ್ದಕ್ಕೂ ಗಿಳಿಗಳ ಸಾಲು. ಹುಡುಗಿ ಎರಡೂ ಹೆಗಲ ಮೇಲೆ ಸೆರಗು ಹೊದ್ದು ನಿಂತಿದ್ದಳು. ಒಂದೇ ಫೋಟೋ, ಬಹಳ ಚೆನ್ನಾಗಿ ಬಂದಿತ್ತು.

ಕೊಟ್ಟ ಅರ್ಧ ಗಂಟೆಗೆ ಆ ಮನೆಯಲ್ಲಿ ಜಗಳ. ನೇಯುವವರು ಫೋಟೋ ಕೊಟ್ಟರೆ ಮುಖ ನೋಡುವುದಿಲ್ಲ, ಸೀರೆ ನೋಡುತ್ತಾರೆ. ತಾತ ಎದೆ ಬಡಿದುಕೊಳ್ಳುತ್ತಿದ್ದರು.

"ಯಾವಳೇ ಅವ್ಳು ಉಡ್ಸಿದ್ದು? ನನ್ ಗಿಣಿಗಳೆಲ್ಲ ಈ ಕಡೆ ನೋಡ್ಬೇಕು, ಆ ಕಡೆ ನೋಡ್ತಾವೆ. ಸೀರೆ ಒಳಗು ಒರಗು ಮಾಡಿ ಉಡ್ಸಿ ಮಾನ ಕಳೆದ್ರಲ್ರೇ!"

ಉಡಿಸಿದವಳು ಹುಡುಗಿಯ ಅತ್ತಿಗೆ. "ನಾನು ಸರ್ಯಾಗೇ ಉಡ್ಸಿದ್ದೆ ತಾತಾ, ನನ್ ಮಕ್ಕಳಾಣೆ," ಎಂದು ಅಳುತ್ತಿದ್ದಳು.

ತಪ್ಪು ನನ್ನದು. ನೆಗೆಟಿವ್ ಅನ್ನು ಕಾಗದದ ಮೇಲೆ ಇಡುವಾಗ ಮಗುಚಿ ಇಟ್ಟಿದ್ದೆ. ಹಾಗೆ ಇಟ್ಟರೆ ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ. ಹುಡುಗಿಯ ಮೂಗುಬೊಟ್ಟು ಆ ಹೊಳ್ಳೆಯಿಂದ ಈ ಹೊಳ್ಳೆಗೆ ಬಂದಿತ್ತು; ಕೆನ್ನೆಯ ಮಚ್ಚೆ ಕೂಡ ಮನೆ ಬದಲಾಯಿಸಿತ್ತು. ಹೆತ್ತ ತಾಯಿಯೂ ಅದನ್ನು ಕಂಡಿರಲಿಲ್ಲ. ನಾನು ಇದನ್ನೆಲ್ಲ ವಿವರಿಸಿದೆ, ಕನ್ನಡಿ ತರಿಸಿ ತೋರಿಸಿದೆ. ಕನ್ನಡಿಯಲ್ಲಿ ಗಿಳಿಗಳು ಸರಿಯಾದ ಕಡೆ ನೋಡಿದವು.

ತಾತ ಸಮಾಧಾನವಾಗಿ ಉಸಿರು ಬಿಟ್ಟರು. "ಅಂಗಾರೆ ನಮ್ಮ ಸೊಸೆ ಸರಿ. ನೀನೇ ಪೋಟನ ತಿರುವಿ ಉಟ್ಕೊಂಡಿದೀಯ."

೪. ಅಪ್ಪ ಬಂದದ್ದು

ಗಿಳಿಗಳ ಸುದ್ದಿ ಅಪ್ಪನ ಕಿವಿಗೆ ಬಿತ್ತು. ನೇಯುವ ಮನೆಯಲ್ಲಿ ಹುಟ್ಟಿ ಬಟ್ಟೆಯ ಒಳಗು ಹೊರಗು ತಿಳಿಯದವನು ಎಂದು ಬೀದಿಯೆಲ್ಲ ನಕ್ಕಿತ್ತು. ಅಪ್ಪ ನನ್ನ ಸೋದರಮಾವನಿಗೆ ಹೇಳಿಕಳಿಸಿದರು. ಪೊಂಗಲ್‌ಗೆ ಎರಡು ದಿನ ಮುಂಚೆ ಮಾವ ಒಂದು ಮಗ್ಗದ ಮರಗಳನ್ನೆಲ್ಲ ಗಾಡಿಗೆ ಹೇರಿಕೊಂಡು ಬಂದು ಬಾಗಿಲಿಗೆ ನಿಲ್ಲಿಸಿದರು.

ನಾನು ಕೈಮುಗಿದೆ. "ಅಪ್ಪಾ, ಒಂದೇ ಒಂದು ಸಲ ಗುಂಡಿಗೆ ಇಳಿದು ನೋಡು. ಆಮೇಲೆ ನೀನು ಹೇಳಿದ ಹಾಗೆ."

ಹಿಂದಿನ ವಾರ ಅವರು ನೇಯುತ್ತಿದ್ದಾಗ ಒಂದು ಚಿತ್ರ ತೆಗೆದಿದ್ದೆ. ನಿಲ್ಲಿಸು ಎಂದರೂ ನಿಲ್ಲಿಸಿರಲಿಲ್ಲ. ಪೊಟ್ಟಣದಲ್ಲಿ ಕಾಗದ ಐದೇ ಉಳಿದಿತ್ತು.

"ಬೇಗ ಬಾ ಭಾವ, ಎತ್ತು ಬಿಸ್ಲಲ್ಲೈತೆ," ಎಂದರು ಮಾವ.

ಅಪ್ಪ ಗೊಣಗುತ್ತಾ ಇಳಿದರು. ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತೆವು. ಕಂಬಳಿ ಎಳೆದೆ. ಕೆಂಪು ಬೆಳಕಿನಲ್ಲಿ ಅಪ್ಪನ ಮುಖ ಯಾರದೋ ಎನ್ನುವಂತಿತ್ತು. ಕಾಗದವನ್ನು ತಟ್ಟೆಗೆ ಬಿಟ್ಟೆ.

"ಏನೂ ಇಲ್ಲ," ಎಂದರು.

"ತಡಿ ಅಪ್ಪಾ."

ಫೋಟೋದಲ್ಲಿ ಕಪ್ಪಗಿರುವುದು ಮೊದಲು ಬರುತ್ತದೆ, ಬೆಳ್ಳಗಿರುವುದು ಕೊನೆಗೆ.

"ಲೇ! ನನ್ ಮೀಸೆ!"

ಆಮೇಲೆ ಮಗ್ಗದ ಮರ ಬಂತು. ಆಮೇಲೆ ಒಂದೊಂದೇ ಎಳೆಯಾಗಿ ನೂಲು. ಅಪ್ಪ ಉಸಿರು ಹಿಡಿದಿದ್ದರು. "ತಲೆ ಎಲ್ಲಿ?" ಎಂದರು ಗಾಬರಿಯಿಂದ. ಅವರದು ಬೋಳು ತಲೆ, ತಡವಾಗಿ ಬಂತು. ಬಂದದ್ದೇ ನಾನು ಕಾಗದ ಎತ್ತಲು ಹೋದೆ. ಅಪ್ಪ ಮಣಿಕಟ್ಟು ಹಿಡಿದುಕೊಂಡರು.

"ಎತ್ತಬೇಡ! ಇನ್ನೂ ಬರ್ತಾ ಐತೆ. ನೇಯ್ತಾ ಇರೋ ಸೀರೆನ ಯಾರಾದ್ರೂ ಅರ್ಧಕ್ಕೆ ಕುಯ್ತಾರಾ?"

"ಸಾಕು ಅಪ್ಪಾ, ಕಪ್ಪಾಗುತ್ತೆ—"

ಕಪ್ಪಾಯಿತು. "ಇನ್ನೊಂದು ಆಕು," ಎಂದರು. ಎರಡನೆಯದಕ್ಕೂ ಕೈ ಬಿಡಲಿಲ್ಲ. ಅದೂ ಕಪ್ಪು. ಮೂರನೆಯದರಲ್ಲಿ ಮೀಸೆ ಬರುತ್ತಿದ್ದಂತೆ ತಡೆಯಲಾರದೆ, "ಇವ್ಳೇ, ಬಾರೇ ಇಲ್ಲಿ! ನಾನು ಹುಟ್ತಾ ಇದೀನಿ, ನೋಡು ಬಾ!" ಎಂದು ಕೂಗಿ ಕಂಬಳಿಯನ್ನೇ ಎತ್ತಿಬಿಟ್ಟರು. ಬೆಳಕು ನುಗ್ಗಿತು. ತಟ್ಟೆಯಲ್ಲಿದ್ದದ್ದೂ ಹೋಯಿತು, ತೆರೆದಿದ್ದ ಪೊಟ್ಟಣದ ಇನ್ನೆರಡೂ ಹೋದವು.

ಮುಗಿಯಿತು ಎಂದು ನಾನು ತಲೆ ಮೇಲೆ ಕೈ ಇಟ್ಟುಕೊಂಡು ಕೂತೆ. ತೋರಿಸಲು ಒಂದು ಫೋಟೋ ಇಲ್ಲ. ಅಪ್ಪ ತಟ್ಟೆಯಿಂದ ಕರಿ ಕಾಗದ ಎತ್ತಿಕೊಂಡು, ನೀರು ತೊಟ್ಟಿಕ್ಕಿಸುತ್ತಾ ಬಾಗಿಲಿಗೆ ನಡೆದು ಮಾವನ ಕೈಗೆ ಕೊಟ್ಟರು.

ಮಾವ ಆ ಕಡೆ ತಿರುಗಿಸಿದರು, ಈ ಕಡೆ ತಿರುಗಿಸಿದರು, ಬಿಸಿಲಿಗೆ ಹಿಡಿದರು. "ಏನ್ ಭಾವ ಇದು? ಇದ್ರಲ್ಲಿ ಏನೂ ಇಲ್ವಲ್ಲ?"

"ಯಾಕಿಲ್ಲ? ನಾನಿದೀನಿ. ಮೊದ್ಲು ಮೀಸೆ ಬಂತು, ಆಮೇಲೆ ಮಗ್ಗ ಬಂತು, ಕಡೇಲಿ ತಲೆ ಬಂತು. ಎಲ್ಲಾ ಬಂದು ಹೋದ ಮೇಲೆ ನೀನು ಬಂದು ನೋಡಿದ್ರೆ ಏನ್ ಕಾಣ್ತೈತೆ?"

ಮಾವ ಗಾಡಿಯ ಕಡೆ ತಿರುಗಿದರು. "ಅಂಗಾರೆ ಮಗ್ಗ ಇಳಿಸ್ಲಾ, ಬ್ಯಾಡ್ವಾ?"

"ಗಾಡಿ ತಿರುಗ್ಸು," ಎಂದರು ಅಪ್ಪ. "ಗುಂಡೀಲಿ ಜಾಗ ಎಲ್ಲೈತೆ? ನಮ್ಮಿಬ್ರಿಗೇ ಇಕ್ಕಟ್ಟಾಗ್ತೈತೆ."