ಬಿಡದ ಹೊಗೆ ಮಾರಲು ಹೋದದ್ದು

ನನಗೆ ಯಾರೂ ವ್ಯಾಪಾರ ಹೇಳಿಕೊಡಬೇಕಾಗಿಲ್ಲ. ಆರನೇ ಕ್ಲಾಸಿಗೆ ಪುಸ್ತಕ ಬಿಟ್ಟು ಗಾಣ ಹಿಡಿದವನು ನಾನು. ಹಳೇಕೋಟೆ ಕಡೆ ನನ್ನ ಆಲೆಮನೆಯ ಅಚ್ಚುಬೆಲ್ಲವನ್ನು ಜನ ಕಣ್ಣು ಮುಚ್ಚಿ ಕೊಳ್ಳುತ್ತಾರೆ. ಇಂಥ ನಾನು ಒಂದು ದಿನ ಹಾಸನದಲ್ಲಿ ವ್ಯಾಪಾರಸ್ಥರ ಸಂಘವೊಂದರ ಸಭೆಗೆ ಹೋಗಿ, ಬಾಯಿ ಬಿಟ್ಟುಕೊಂಡು ಕೂತುಬಿಟ್ಟೆ.

ಸಂಘದವರ ವಾದ ಇಷ್ಟೆ: ಭಾಷಣ, ಬೈಗುಳಗಳಿಂದ ಪರಿಸರ ಉಳಿಯುವುದಿಲ್ಲ, ವ್ಯಾಪಾರದಿಂದ ಉಳಿಯುತ್ತದೆ. ಹೊಗೆ ಕಡಿಮೆ ಮಾಡಿದವನು, ತಾನು ಬಿಡದೆ ಉಳಿಸಿದ ಹೊಗೆಯನ್ನು, ಮಿತಿ ಮೀರಿ ಹೊಗೆ ಬಿಟ್ಟು ಲೆಕ್ಕ ಸರಿಮಾಡಿಕೊಳ್ಳಬೇಕಾದ ದೊಡ್ಡ ಕಾರ್ಖಾನೆಯವರಿಗೆ ಮಾರಬಹುದು! ಅದಕ್ಕೆ ಆಲೆಮನೆಗಳನ್ನೆಲ್ಲ ಒಂದು ಗುಂಪು ಮಾಡುತ್ತಾರಂತೆ. ಅದರಲ್ಲಿ ಪರೀಕ್ಷೆಗೆ ನಿಂತು ಗೆದ್ದದ್ದು ‘ಮಾದರಿ ಆಲೆಮನೆ’. ಅದರ ಯಜಮಾನನಿಗೆ ಹಾಸನದ ವೇದಿಕೆಯ ಮೇಲೆ ಕುರ್ಚಿ!

ಬೆಲ್ಲ ಮಾರಿದ್ದೇನೆ, ಹುಲ್ಲು ಮಾರಿದ್ದೇನೆ. ಇಲ್ಲದ್ದನ್ನು ಮಾರುವ ಭಾಗ್ಯ ಯಾರಿಗುಂಟು! ಆ ಕುರ್ಚಿಯ ಮೇಲೆ ಕೂತೇ ತೀರಬೇಕೆಂದು ನಿಶ್ಚಯಿಸಿದೆ.

ಮನೆಗೆ ಬಂದು ಹೆಂಡತಿ ಜಯಮ್ಮನಿಗೆ ಎಲ್ಲ ವಿವರಿಸಿದೆ. ಎಮ್ಮೆ ಕರೆಯುತ್ತಿದ್ದವಳು ತಲೆ ಕೂಡ ಎತ್ತಲಿಲ್ಲ.

“ನಮ್ಮೆಮ್ಮೆ ಕೊಡ್ದೇ ಇರೋ ಹಾಲ್ನೂ ತಕೊಂಡಾರಾ, ಕೇಳ್ಕೊಂಡ್ ಬನ್ನಿ.”

“ನಿಂಗೆ ಮಾರ್ಕೆಟ್ಟು ಅರ್ಥ ಆಗಾಕಿಲ್ಲ ಕಣೇ!”

ಹಳೆಯ ಒಲೆ ಒಡೆಸಿದೆ. ಗಾಳಿಗಂಡಿ ಬಿಡಿಸಿ, ಎತ್ತರದ ಚಿಮಣಿ ಇಟ್ಟು ಹೊಸ ಒಲೆ ಕಟ್ಟಿಸಿದೆ. ಕಬ್ಬಿನ ಸಿಪ್ಪೆ ಹಸಿಯಿದ್ದು ಉರಿಯದಿದ್ದಾಗ ಒಲೆಗೆ ಹಳೇ ಟೈರು ತುರುಕುವುದು ನಮ್ಮ ಕಡೆಯ ರೂಢಿ. ನಾನು ಬೆಲ್ಲದ ಕೊಪ್ಪರಿಗೆ ಮುಟ್ಟಿ, ಈ ಒಲೆಗೆ ಇನ್ನು ಟೈರು ಸೋಕಿಸುವುದಿಲ್ಲವೆಂದು ಎಲ್ಲರ ಮುಂದೆ ಆಣೆ ಮಾಡಿದೆ. ಒಣಗಿದ ಸಿಪ್ಪೆ ಮಾತ್ರ ಹಾಕಿದಾಗ ಚಿಮಣಿಯಿಂದ ಬಂದದ್ದು ಊದುಬತ್ತಿಯಷ್ಟು ಹೊಗೆ! ಪಕ್ಕದ ಆಲೆಮನೆಯ ಚನ್ನೇಗೌಡ ಬಂದು ನೋಡಿ, “ಏನ್ಲಾ, ಒಲೆ ಅಚ್ಚೋದ್ನೇ ಮರ್ತ್ಬುಟ್ಯಾ?” ಎಂದ.

ನನ್ನ ಎದೆ ಉಬ್ಬಿತು. ಆ ಉಬ್ಬಿನಲ್ಲೇ ಹೊಳೆನರಸೀಪುರಕ್ಕೆ ಹೋಗಿ ತಗಡಿನ ಬೋರ್ಡು ಬರೆಸಿ ತಂದೆ: ‘ಹೊಗೆ ಇಲ್ಲದ ಮಾದರಿ ಆಲೆಮನೆ’.

“ಪರೀಕ್ಸೆಗೆ ಮುಂಚೇನೇ ಬೋರ್ಡಾ?” ಎಂದಳು ಜಯಮ್ಮ.

“ಪಾಸಾಗೋನಿಗೆ ಯಾವಾಗಾದ್ರೇನು!”

ಸಂಘದ ಕಾರ್ಯದರ್ಶಿ ಮೇಡಂ ಪರೀಕ್ಷೆಗೆ ಬರುವ ದಿನ ಬೆಳಿಗ್ಗೆ ಅಂಗಳ ನೋಡಿ ನನ್ನ ಜೀವವೇ ಹಾರಿತು. ಎಲ್ಲೆಲ್ಲೂ ಕಬ್ಬಿನ ತರಗು! ಬೀಗರು ಬರಲಿ, ಸಾಹೇಬರು ಬರಲಿ, ಮೊದಲು ಅಂಗಳ ಗುಡಿಸಿ ಕಸಕ್ಕೆ ಬೆಂಕಿ ಇಡುವುದು ನಮ್ಮಲ್ಲಿ ಮರ್ಯಾದೆ. ಗುಡಿಸಿದೆ. ಆಳೆತ್ತರ ಗುಡ್ಡೆಯಾಯಿತು. ಬೆಂಕಿ ಇಟ್ಟೆ. ಇಬ್ಬನಿಗೆ ನೆನೆದ ತರಗು, ಹತ್ತಲೊಲ್ಲದು! ಆಗ ಕಣ್ಣಿಗೆ ಬಿದ್ದದ್ದು ಮೂಲೆಯಲ್ಲಿ ಉಳಿದಿದ್ದ ಲಾರಿ ಟೈರು.

“ಅಯ್ಯೋ, ಆಣೆ ಮಾಡಿದ್ರಲ್ಲಾ!” ಜಯಮ್ಮ ಕೂಗಿದಳು.

“ಆಣೆ ಮಾಡಿದ್ದು ಒಲೆಗೆ ಕಣೇ. ಇದು ಅಂಗಳ!”

ಟೈರು ಹತ್ತಿತು. ಹತ್ತಿದ್ದು ಅಂದರೆ ಅದು! ಕಾಡೆಮ್ಮೆಯ ಹಿಂಡಿನಂಥ ಕರೀ ಹೊಗೆ ಎದ್ದು ನಿಂತಿತು. ಗಾಬರಿಯಾಗಿ ಒಂದು ಬಿಂದಿಗೆ ನೀರು ಸುರಿದೆ. ಹೊಗೆ ಇಮ್ಮಡಿಯಾಯಿತು! ಇನ್ನೊಂದು ಬಿಂದಿಗೆ. ಸೂರ್ಯನೇ ಕಾಣದಾದ! ಅಷ್ಟರಲ್ಲಿ ಗಾಳಿ ತಿರುಗಿ ಹೊಗೆಯೆಲ್ಲ ಆಲೆಮನೆಯೊಳಗೆ ನುಗ್ಗಿತು. ಕೊಪ್ಪರಿಗೆ ಕಾಯುತ್ತಿದ್ದ ಆಳುಗಳು ಕೆಮ್ಮುತ್ತ ಹೊರಗೋಡಿದರು. ಕೈಯಾಡಿಸುವವರಿಲ್ಲದೆ ಪಾಕ ಸೀದು, ತನ್ನದೂ ಇರಲಿ ಎಂದು ಇನ್ನೊಂದು ಹೊಗೆ ಎಬ್ಬಿಸಿತು.

“ಆಲೆಮನೆಗೆ ಬೆಂಕಿ ಬಿತ್ತು, ಬನ್ರಪ್ಪೋ!” ಚನ್ನೇಗೌಡನ ಕೂಗಿಗೆ ಊರಿಗೆ ಊರೇ ಕೊಡ ಹಿಡಿದು ಬಂದಿತು. ನಾನು ಬೇಡ ಬೇಡ ಎನ್ನುತ್ತಿದ್ದಂತೆ ಎಲ್ಲರೂ ಸೇರಿ ನೀರು ಸುರಿದರು. ಎಲ್ಲಿಗೆ? ನನ್ನ ಹೊಸ ಒಲೆಗೆ! ಕಾದ ಚಿಮಣಿ ‘ಫಟ್’ ಎಂದು ಬುಡದಿಂದ ತುದಿಯವರೆಗೆ ಸೀಳಿತು.

ಆಗ ಬಂತು ಜೀಪು.

ಮೇಡಂ ಕೈಯಲ್ಲಿ ಬಿಳಿಯಿಂದ ಕಪ್ಪಿನವರೆಗೆ ಬಣ್ಣದ ಪಟ್ಟಿಗಳಿದ್ದ ಒಂದು ರಟ್ಟು. ಅದನ್ನು ಹೊಗೆಯ ಪಕ್ಕ ಹಿಡಿದು ದರ್ಜೆ ಹೇಳುವುದು ಕ್ರಮ. ಆಕೆ ರಟ್ಟು ನೋಡಿದರು, ಆಕಾಶ ನೋಡಿದರು, ಮತ್ತೆ ರಟ್ಟು ನೋಡಿದರು.

“ಗೌಡ್ರೇ, ಈ ಬಣ್ಣ ನನ್ನ ರಟ್ಟಲ್ಲೇ ಇಲ್ವಲ್ಲ!” ಎಂದರು ನನ್ನ ಕಡೆ ತಿರುಗಿ.

“ಇದು ಒಲೆ ಹೊಗೆ ಅಲ್ಲ ಮೇಡಂ. ನೀವ್ ಬತ್ತೀರಾ ಅಂತ ಕ್ಲೀನ್ ಮಾಡ್ತಿದ್ದೆ!”

“ಕ್ಲೀನಾ?” ಎಂದ ಚನ್ನೇಗೌಡ, ಮುಖದ ಮಸಿ ಒರೆಸಿಕೊಳ್ಳುತ್ತ. “ನಿಮ್ ಸಂಘದೋರು ವರ್ಸೆಲ್ಲಾ ಉಳ್ಸಿದ್ ಹೊಗೇನಾ ಒಂದೇ ಗಳಿಗೇಲಿ ಬಿಟ್ಬುಟ್ಟ ಕಣವ್ವಾ ಇವ್ನು!”

ನಾನು ಆದಷ್ಟು ಗಂಭೀರವಾಗಿ, “ಹಂಗಾರೆ ವೇದಿಕೆ ಮೇಲಿನ ಕುರ್ಚಿ?” ಎಂದು ಕೇಳಿದೆ.

ಮೇಡಂ ನಗು ತಡೆದುಕೊಳ್ಳಲು ಸೆರಗು ಬಾಯಿಗೆ ಹಿಡಿದರು. “ಖಂಡಿತ ಬನ್ನಿ ಗೌಡ್ರೇ. ಮಾರೋರು ಬೇಕಾದಷ್ಟು ಜನ ಇದ್ದಾರೆ, ಕೊಳ್ಳೋರೇ ಸಿಗ್ತಿರ್ಲಿಲ್ಲ. ಇವತ್ತಿನ ಹೊಗೆ ನೋಡಿದ್ರೆ, ಜಿಲ್ಲೆಗೆಲ್ಲಾ ನೀವೇ ದೊಡ್ಡ ಗಿರಾಕಿ!”

ಊರೆಲ್ಲ ನಕ್ಕಿತು. ಕೆಮ್ಮಿನ ನಡುವೆ ನಾನೂ ನಕ್ಕೆ, ಬೇರೆ ದಾರಿಯಿರಲಿಲ್ಲ.

ಕುರ್ಚಿ ಅರಕಲಗೂಡು ಕಡೆಯ ಒಬ್ಬನಿಗೆ ಹೋಯಿತು. ಅವನ ಅಂಗಳದ ತುಂಬ ತರಗು ಹಾಗೇ ಬಿದ್ದಿತ್ತಂತೆ! ಸೋಮಾರಿ!

ನನ್ನ ಬೋರ್ಡನ್ನು ಜಯಮ್ಮ ಬಚ್ಚಲ ಒಲೆಯ ಪಕ್ಕಕ್ಕೆ ನಿಲ್ಲಿಸಿದ್ದಾಳೆ. ಹೊಗೆ ಅಡುಗೆಮನೆಗೆ ನುಗ್ಗದಂತೆ ಅದು ಇವತ್ತಿಗೂ ತಡೆಯುತ್ತಿದೆ. ಕೊಟ್ಟ ಮಾತು ಉಳಿಸಿಕೊಂಡದ್ದು ಅದೊಂದೇ!